ಫೋಟೊದ ದಡಿ, ಒಡಲು, ಸೆರಗು

“ಫೋಟೊ,” ಎಂದಿತು ಅಮ್ಮಿಯ ಮೊಬೈಲು.

ಶಹನಾಜ ಬೆರಳು ಸರಿಸಿದಳು. “ಫೋಟೊ.” ಮತ್ತೆ ಸರಿಸಿದಳು. “ಫೋಟೊ.”

ಶಹನಾಜಳಿಗೆ ಕಣ್ಣು ಕಾಣುವುದಿಲ್ಲ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರು ಏನು ಬರೆದರೂ ಮೊಬೈಲು ಓದಿ ಹೇಳುತ್ತದೆ. ಆದರೆ ಇವತ್ತು ಐದನೇ ಕ್ಲಾಸಿನವರು ಬಾದಾಮಿ ಟ್ರಿಪ್ಪಿನ ಫೋಟೊಗಳನ್ನೇ ಸುರಿದಿದ್ದರು. ಕೆಳಗೆ ಬರೀ “ಹಹಹ”.

ನಿನ್ನೆ ಬಾದಾಮಿಯ ಗುಹೆಯ ಮುಂದೆ ಫೋಟೊಕ್ಕೆ ನಿಂತಾಗಲೂ ಹೀಗೇ ಆಗಿತ್ತು. ಎಲ್ಲರೂ ಒಮ್ಮೆಲೇ ಬಿದ್ದು ಬಿದ್ದು ನಕ್ಕಿದ್ದರು. ನನ್ನ ನೋಡಿಯೇ ನಕ್ಕರು ಎಂದುಕೊಂಡಿದ್ದಳು ಶಹನಾಜ. ಆಗಿನಿಂದ ಯಾರೊಂದಿಗೂ ಸರಿಯಾಗಿ ಮಾತಾಡಿರಲಿಲ್ಲ.

ಈಗ ಪಕ್ಕದ ಮನೆಯ ರೋಹಿಣಿಯ ಹತ್ತಿರ ಬಂದು ಕೂತಿದ್ದಳು.

“ನಾ ಗ್ರೂಪ್ ಬಿಡ್ತೇನಿ.”

“ಯಾಕವಾ?”

“ಫೋಟೊದಾಗ ಏನೈತಿ ಹೇಳು ಹಂಗಾರ.”

“ನಾವೆಲ್ಲ ಅದೀವಿ. ಭಾಳ ಚಂದ ಬಂದೈತಿ.”

“ಚಂದ ಅಂದ್ರ ಏನ್ ತಿಳೀತೈತಿ? ತಾಟು ತೋರ್ಸಿ, ಊಟ ಆತಲ್ಲ ಅಂದಂಗಾತು!”

ರೋಹಿಣಿ ಬಗ್ಗಿ ಫೋಟೊವನ್ನು ಇನ್ನೊಮ್ಮೆ ನೋಡಿದಳು.

ಒಳಗೆ ಮಗ್ಗ ನಿಂತಿತು. ರೋಹಿಣಿಯ ಅಪ್ಪ ಅಂದಪ್ಪ ಬಾಗಲಕೋಟೆಯ ಸೀರೆ ಅಂಗಡಿಯವರೊಡನೆ ಫೋನಿನಲ್ಲಿದ್ದರು.

“ಫೋಟೊದಾಗ ಬಣ್ಣ ಮೋಸ ಮಾಡ್ತಾವ್ರಿ. ಬಾಯಿಲೆ ಹೇಳ್ತೇನಿ, ಕೇಳ್ರಿ. ದಡಿ ಕೆಂಪು, ಅಂಗೈ ಅಗಲ. ಒಡಲು ನವಿಲಗರಿ ಬಣ್ಣ, ಸಣ್ಣ ಚೌಕಳಿ. ಸೆರಗಿನಾಗ ಬಿಳಿ ತೆನಿ ಎದ್ದಾವ.”

ಕೇಳುತ್ತ ಕೇಳುತ್ತ ಶಹನಾಜಳಿಗೆ ಅಂಚಿನ ದಡಿ, ನಡುವಿನ ಒಡಲು, ತುದಿಯ ಸೆರಗು ಸೇರಿ ಇಡೀ ಸೀರೆ ಮಡಿಲಲ್ಲಿ ಬಿಚ್ಚಿದಂತಾಯಿತು.

“ತಡಿ!” ರೋಹಿಣಿ ತನ್ನ ಮನೆಯ ಮೊಬೈಲು ತಂದು, ಗ್ರೂಪಿನಲ್ಲಿ ಆ ಫೋಟೊದ ಕೆಳಗೆ ಟೈಪು ಮಾಡತೊಡಗಿದಳು. ಬಹಳ ಹೊತ್ತು ಮಾಡಿದಳು. ಆಮೇಲೆ ಶಹನಾಜಳ ಕೈಯಲ್ಲಿದ್ದ ಮೊಬೈಲು ಓದಿತು:

“ದಡಿಗೆ ಕಲ್ಲಿನ ಮೆಟ್ಟಿಲು. ಒಡಲಿನಾಗ ಕೆಂಪು ಬಂಡೆಗಲ್ಲು, ಅದರ ಮುಂದ ನಾವು. ನಡುವ ಶಹನಾಜ, ಹಳದಿ ಚೂಡಿದಾರ. ನಾ ಅಕಿ ಹೆಗಲ ಮ್ಯಾಲೆ ಕೈ ಹಾಕೇನಿ, ಅಕಿ ಆ ಕೈ ಸರಸಾಕತ್ತಾಳ. ಸೆರಗಿನ ಕಡೆ ಸಿದ್ಧಾರ್ಥ. ಮಂಗ್ಯಾ ಅವನ ಟೋಪಿ ಕಸ್ಕೊಂಡು ತಾನ ಹಾಕ್ಕೊಂಡೈತಿ. ಎಲ್ಲಾರೂ ಮಂಗ್ಯಾನ್ನ ನೋಡಿ ನಗಾಕತ್ತಾರ.”

“ಮಂಗ್ಯಾ?” ಎಂದಳು ಶಹನಾಜ. “ಮಂಗ್ಯಾನ್ನ ನೋಡಿ ನಕ್ಕಿದ್ರೇನು?”

“ಹೂಂ ಮತ್ತ! ಟೋಪಿ ಉಲ್ಟಾ ಹಾಕ್ಕೊಂಡಿತ್ತು, ಥೇಟ್ ಪಿ.ಟಿ. ಸರ್!”

ಶಹನಾಜಳಿಗೆ ನಗು ಉಕ್ಕಿತು. ನಕ್ಕು ನಕ್ಕು ಗೋಡೆಗೆ ಒರಗಿದಳು. ಒಳಗಿನಿಂದ ಅಂದಪ್ಪ, “ಏನಾತ್ರವಾ?” ಎಂದು ಕೂಗಿದರು.

ಮೊಬೈಲು ಟಿಂಗ್ ಎಂದಿತು. ಸಿದ್ಧಾರ್ಥನೂ ತನ್ನ ಫೋಟೊದ ಕೆಳಗೆ ಬರೆದಿದ್ದ: “ಶಹನಾಜ, ಇದರಾಗ ಮಂಗ್ಯಾನ ಮಾರಿ ನನಕಿಂತ ಚಂದ ಬಂದೈತಿ.”

“ಮುಂದಿಂದೂ ಬರಿ,” ಎಂದಳು ಶಹನಾಜ.

“ಬೆರಳು ನೋಯಾಕತ್ತಾವ. ಒಂಚೂರು ತಡಿ.”

ಶಹನಾಜ ರೋಹಿಣಿಯ ಕೈ ಹುಡುಕಿ ಹಿಡಿದಳು. ಬೆರಳುಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತಿದಳು. ಆಮೇಲೆ ಆ ಕೈಯನ್ನು ಎತ್ತಿ ತನ್ನ ಹೆಗಲ ಮೇಲೆ ಇಟ್ಟುಕೊಂಡಳು.