ಚಾರ್ಟಿಗೆ ಬಿದ್ದ ಕತ್ತರಿ

“ದಾದಿ, ಏನ್ ಮಾಡಿದ್ರಿ ಇದನ್ನ?”

ತಮನ್ನಾ ಓಡಿ ಬಂದಳು. ಗೆಳತಿ ಭಾಗ್ಯಾಳ ಜೊತೆ ವಾರವಿಡೀ ಕೂತು ಬರೆದ ಆವರ್ತ ಕೋಷ್ಟಕದ ಚಾರ್ಟು ಎರಡು ತುಂಡಾಗಿ ನೆಲದ ಮೇಲೆ ಬಿದ್ದಿತ್ತು. ದೊಡ್ಡ ತುಂಡು ಒಂದು ಕಡೆ, ತಳದ ಎರಡು ಸಾಲು ಇನ್ನೊಂದು ಕಡೆ. ಇನ್ನೊಂದು ತಾಸಿಗೆ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ!

ಅಜ್ಜಿ ಜುಲೇಖಾಬಿ ದಾದಿ ಕತ್ತರಿ ಕೆಳಗಿಟ್ಟು ನಕ್ಕರು. “ನೀ ಮರತಿದ್ದಿ ಅಂತ ನಾನ ಕತ್ತರಿಸಿದೆ ಬೇಟಿ. ನೋಡು, ಅಗದಿ ನೆಟ್ಟಗ ಬಂದೈತಿ.”

ದಾದಿ ಹುಟ್ಟಾ ಜಮಖಾನ ನೇಯುವವರು. ಮಗ್ಗದ ಮೇಲೆ ಒಂದು ಜಮಖಾನ ಮುಗಿದರೆ, ಗೇಣಷ್ಟು ಬರೀ ದಾರ ಬಿಟ್ಟು ಮುಂದಿನದನ್ನು ಶುರು ಮಾಡುತ್ತಾರೆ. ಆಮೇಲೆ ಆ ಖಾಲಿ ಜಾಗದಲ್ಲಿ ಕತ್ತರಿಸುತ್ತಾರೆ. ಚಾರ್ಟಿನಲ್ಲೂ ಖಾಲಿ ಜಾಗ ಕಂಡಿತು, ಕತ್ತರಿ ಆಡಿತು.

“ಅವು ಬ್ಯಾರೆ ಅಲ್ಲ ದಾದಿ, ಎಲ್ಲಾ ಒಂದ.” ತಮನ್ನಾಳಿಗೆ ಅಳುವೇ ಬಂತು.

ದಾದಿಯ ಮುಖ ಬಾಡಿತು. “ಒಂದ ಇದ್ರ ದೂರ ಯಾಕ ಬರದ್ರಿ?”

ಅದು ಅವಳಿಗೂ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಹಾಗಿತ್ತು, ಗೆಳತಿಯರಿಬ್ಬರೂ ಹಾಗೇ ಇಳಿಸಿದ್ದರು.

ಅಂಟು ಹಚ್ಚಲು ಸಣ್ಣ ತುಂಡನ್ನು ಎತ್ತಿಕೊಂಡಳು. ಮೊದಲ ಸಾಲಿನಲ್ಲಿ ಐವತ್ತೆಂಟರಿಂದ ಎಪ್ಪತ್ತೊಂದರವರೆಗಿನ ಮೂಲಧಾತುಗಳು. ಹಾಗಾದರೆ ಐವತ್ತೇಳು ಎಲ್ಲಿ? ದೊಡ್ಡ ತುಂಡಿನ ನಡುವೆ ಸಿಕ್ಕಿತು. ಅದರ ಮಗ್ಗುಲಲ್ಲೇ ಎಪ್ಪತ್ತೆರಡು ಕೂತಿತ್ತು!

ತಮನ್ನಾ ದಂಗಾದಳು. ಎರಡನೆಯ ಸಾಲಿನದೂ ಅದೇ ಕತೆ. ಎಂಬತ್ತೊಂಬತ್ತು ಆದ ಮೇಲೆ ಸೀದಾ ನೂರಾನಾಲ್ಕು. ತಾನೇ ಬರೆದದ್ದು, ಕಣ್ಣಿಗೇ ಬಿದ್ದಿರಲಿಲ್ಲ.

“ದಾದಿ, ಕತ್ತರಿ ಕೊಡ್ರಿ.”

ಐವತ್ತೇಳರ ಮಗ್ಗುಲಿಗೆ ಚಾರ್ಟನ್ನು ಮೇಲಿಂದ ಕೆಳಗೆ ಕತ್ತರಿಸಿಯೇ ಬಿಟ್ಟಳು. ಈಗ ಹೌಹಾರುವ ಸರದಿ ದಾದಿಯದು.

“ಯಾ ಅಲ್ಲಾ, ತಲಿ ಕೆಟ್ಟೈತೇನು ಹುಡುಗಿ?”

ತಮನ್ನಾ ಎರಡು ಭಾಗಗಳನ್ನು ಅತ್ತಿತ್ತ ಸರಿಸಿ, ನಡುವೆ ಆ ಎರಡು ಸಾಲುಗಳನ್ನು ಇಟ್ಟಳು. ಚಾರ್ಟು ಗೋಡೆಯಿಂದ ಹೊಸ್ತಿಲವರೆಗೆ ಚಾಚಿತು. ಅಷ್ಟರಲ್ಲಿ ಬಂದ ಭಾಗ್ಯಾ ಕಾಲಿಡಲು ಜಾಗವಿಲ್ಲದೆ ಬಾಗಿಲಲ್ಲೇ ನಿಂತಳು. ಅವಳ ಬಾಯಿ ತೆರೆದದ್ದು ತೆರೆದೇ ಇತ್ತು.

“ಏನಲೇ ಇದು? ಇಷ್ಟ್ ಅಗಲ ಚಾರ್ಟ್ ಯಾವ ಗ್ವಾಡಿಗಿ ಹಿಡಸತೈತಿ?”

“ಯಾ ಗ್ವಾಡಿಗೂ ಹಿಡಸೂದಿಲ್ಲ. ಪುಸ್ತಕದಾಗೂ ಹಿಡಸಲಿಲ್ಲ. ಅದಕ್ಕ ಈ ಎರಡು ಸಾಲು ಕೆಳಗ ಇಳಿಸ್ಯಾರ.”

ಭಾಗ್ಯಾ ಬಗ್ಗಿ ನೋಡಿದಳು. ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದಳು. “ನೆಲದ ಮ್ಯಾಲ ಹಾಸೂಣು ಬಿಡು,” ಎಂದಳು ಕಡೆಗೆ.

ದಾದಿ ಇನ್ನೂ ಮೂಲೆಯಲ್ಲೇ ಕೈ ಹಿಸುಕುತ್ತ ನಿಂತಿದ್ದರು. ತಮನ್ನಾ ಅವರನ್ನು ಕರೆದು ಕೂರಿಸಿ, ಅವರ ಬೆರಳನ್ನು ಐವತ್ತೇಳರ ಮೇಲಿಟ್ಟಳು. ಇಬ್ಬರೂ ಒಂದೊಂದೇ ಮನೆ ದಾಟುತ್ತ ಹೋದರು. ಎಪ್ಪತ್ತೆರಡು ಮುಟ್ಟುವ ತನಕ ಬೆರಳನ್ನು ಎಲ್ಲೂ ಎತ್ತಬೇಕಾಗಲಿಲ್ಲ.