ಸಂಜೆಯಾಗದ ಕಿಟಕಿ

ಪರದೆಯ ಎರಡನೇ ಸಾಲಿನ ಮೂರನೇ ಚೌಕದಲ್ಲಿದ್ದವನು ಬಲಗೈ ಎತ್ತಿ, ಹೆಬ್ಬೆರಳಿನಿಂದ ಎಡಹುಬ್ಬನ್ನು ಮೆಲ್ಲಗೆ ಕೆರೆದುಕೊಂಡ. ಆಮೇಲೆ ಕಣ್ಣನ್ನು ತುಸು ಪಕ್ಕಕ್ಕೆ ಹೊರಳಿಸಿ, ತುಟಿಯ ಒಂದೇ ಕೊನೆಯಲ್ಲಿ ನಕ್ಕ.

ಅವಳೂ ನಕ್ಕಳು. ನಕ್ಕಿದ್ದು ಗೊತ್ತಾದೊಡನೆ ನಾಚಿಕೆಯಾಗಿ ನೋಟ್ಸಿಗೆ ತಲೆ ತಗ್ಗಿಸಿದಳು. ಮೂವತ್ತೊಂಬತ್ತು ವರ್ಷದ ಹೆಂಗಸು, ಟಿವಿ ಚಾನೆಲ್ಲಿನಲ್ಲಿ ಹದಿನಾರು ವರ್ಷ ಸರ್ವಿಸ್ ಆದ ಇಂಜಿನಿಯರು, ಆನ್‌ಲೈನ್ ಕ್ಲಾಸಿನಲ್ಲಿ ಅಂಚೆಚೀಟಿಯಷ್ಟಗಲದ ಮುಖವೊಂದನ್ನು ನೋಡಿ ನಗುವುದೆಂದರೆ!

ನೋಡುವುದೇ ಅವಳ ಕೆಲಸ. ಪ್ರಸಾರಕ್ಕೆ ಹೋಗುವ ಪ್ರತಿ ಕಾರ್ಯಕ್ರಮವನ್ನೂ ಮೊದಲೇ ನೋಡಿ, ಎಲ್ಲಿ ಚಿತ್ರ ಕಪ್ಪಾಗಿದೆ, ಎಲ್ಲಿ ದನಿ ತುಟಿಗಿಂತ ಹಿಂದೆ ಬಿದ್ದಿದೆ ಎಂದು ಗುರುತು ಹಾಕಬೇಕು. ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರಗಳು ಓಡುತ್ತವೆ. ಅವುಗಳಲ್ಲಿ ಒಂದು ಕೆಟ್ಟಿದ್ದರೂ ಹಿಡಿಯುತ್ತಾಳೆಂದು ಆಫೀಸಿನವರು ಅವಳಿಗೆ ಹದ್ದು ಎಂದು ಹೆಸರಿಟ್ಟಿದ್ದರು. ಮೊದಲನೇ ಕ್ಲಾಸಿನ ಪರಿಚಯದಲ್ಲಿ ಅವಳು ಅದನ್ನು ಜಂಬದಿಂದಲೇ ಹೇಳಿಕೊಂಡಿದ್ದಳು: “ಒಂದೇ ಒಂದು ಫ್ರೇಮ್ ಕೆಟ್ಟಿದ್ರೂ ನನ್ನ ಕಣ್ಣು ತಪ್ಪಿಸ್ಕೊಳ್ಳಲ್ಲ.”

ಆ ಕ್ಲಾಸಿಗೆ ಯಾರೂ ಕಲಿಯುವ ಆಸೆಯಿಂದ ಬಂದಿರಲಿಲ್ಲ. ಕಂಪನಿ ತನ್ನ ಹಳೆಯ ಕೇಬಲ್ಲುಗಳನ್ನೆಲ್ಲ ಕಿತ್ತು, ಚಿತ್ರವನ್ನೂ ದನಿಯನ್ನೂ ಕಂಪ್ಯೂಟರ್ ನೆಟ್‌ವರ್ಕಿನಲ್ಲಿ ಕಳಿಸಲು ಹೊರಟಿತ್ತು. ಸಣ್ಣ ಕೇಂದ್ರಗಳನ್ನೆಲ್ಲ ಮುಚ್ಚಿ ಒಂದೇ ದೊಡ್ಡ ಕೇಂದ್ರ. ಆರು ವಾರದ ತರಬೇತಿ, ವಾರಕ್ಕೆ ಐದು ದಿನ ಸಂಜೆ ಐದರಿಂದ ಏಳು, ಮೂವತ್ತನೇ ಕ್ಲಾಸಿನ ದಿನ ಪರೀಕ್ಷೆ. ಪಾಸಾದವರಿಗೆ ಹೊಸ ಕೇಂದ್ರದಲ್ಲಿ ಕೆಲಸ, ಉಳಿದವರಿಗೆ ತಿಂಗಳ ಕೊನೆಗೆ ಮನೆ. ಪಾಠದ ಹೊತ್ತಿನಲ್ಲಿ ಎಲ್ಲರ ಕ್ಯಾಮೆರಾ ಆನ್ ಇರಬೇಕು. ಇಪ್ಪತ್ತನಾಲ್ಕು ಜನರನ್ನು ಇಬ್ಬಿಬ್ಬರ ಜೋಡಿ ಮಾಡಲಾಗಿತ್ತು. ಕೊನೆಯಲ್ಲಿ ಒಬ್ಬರ ಹಾಜರಿಗೆ ಇನ್ನೊಬ್ಬರು ಸಹಿ ಹಾಕಬೇಕು. ಸುಳ್ಳು ಸಹಿ ಎಂದು ಗೊತ್ತಾದರೆ ಇಬ್ಬರ ಕೆಲಸವೂ ಹೋಗುತ್ತದೆ.

ಹುಬ್ಬು ಕೆರೆದುಕೊಳ್ಳುವವನೇ ಅವಳ ಜೋಡಿ. ದೂರದ ಊರೊಂದರ ಟ್ರಾನ್ಸ್‌ಮಿಟರಿನಲ್ಲಿ ಇಂಜಿನಿಯರು. ಆರಡಿ ಮೂರಂಗುಲ ಎತ್ತರ, ಅದಕ್ಕೇ ಎಲ್ಲರ ಬಾಯಲ್ಲೂ ಟವರ್.

ಮೊದಲ ಗಂಟೆ ಪಾಠ, ಎರಡನೇ ಗಂಟೆ ಲ್ಯಾಬು. ಲ್ಯಾಬಿನಲ್ಲಿ ಎಲ್ಲೋ ಇಟ್ಟಿರುವ ಯಂತ್ರಗಳನ್ನು ಮನೆಯಿಂದಲೇ ನಡೆಸಬೇಕಾದ್ದರಿಂದ ಕ್ಯಾಮೆರಾ ಆರಿಸಲು ಅನುಮತಿಯಿತ್ತು. ಅವನು ಐದೂ ಐವತ್ತೊಂಬತ್ತಕ್ಕೇ ಆರಿಸುತ್ತಿದ್ದ. ಹಾಗಾಗಿ ಮುಖ ಕಾಣುವಾಗ ಅವನ ದನಿಯಿರಲಿಲ್ಲ, ದನಿ ಕೇಳುವಾಗ ಮುಖವಿರಲಿಲ್ಲ. ಎರಡನ್ನೂ ಜೋಡಿಸುವ ಕೆಲಸವನ್ನು ಅವಳ ಮನಸ್ಸೇ ಮಾಡಿಕೊಳ್ಳುತ್ತಿತ್ತು.

“ಮೇಡಂ, ನಿಮ್ಮ ಯಂತ್ರದ ಗಡಿಯಾರ ನನ್ನದಕ್ಕಿಂತ ಮೂರು ಮಿಲಿಸೆಕೆಂಡ್ ಮುಂದಿದೆ. ಸ್ವಲ್ಪ ತಾಳಿ, ಬಡವ ಬರ್ತಾ ಇದೀನಿ.”

“ನಾನ್ಯಾಕೆ ತಾಳ್ಬೇಕು? ಓಡಿ ಬನ್ನಿ.”

“ಓಡೋ ವಯಸ್ಸಾ ಮೇಡಂ ಇದು?”

“ನಲವತ್ತೆರಡಕ್ಕೇ ಮುದುಕರ ಮಾತು ಆಡ್ತೀರಲ್ಲ!”

“ನನ್ನ ವಯಸ್ಸು ನಿಮಗ್ಹೇಗೆ ಗೊತ್ತು?”

“ಪಟ್ಟೀಲಿತ್ತು.”

“ಪಟ್ಟೀಲಿ ಇಪ್ಪತ್ತನಾಲ್ಕು ಜನ ಇದೀವಿ. ಎಲ್ಲರ ವಯಸ್ಸೂ ಬಾಯಿಪಾಠನಾ?”

ಕಿವಿಯವರೆಗೂ ಕೆಂಪಾದ ಅವಳ ಮುಖವನ್ನು ಆರಿದ ಕ್ಯಾಮೆರಾ ಕಾಪಾಡಿತು.

ನಡುನಡುವೆ ಅವನು ಸುಮ್ಮನಾಗುತ್ತಿದ್ದ. ಮೈಕು ಆರಿಸಿ, ಎರಡು ಮೂರು ನಿಮಿಷ ಬಿಟ್ಟು ಒಣಗಿದ ದನಿಯಲ್ಲಿ ಮರಳುತ್ತಿದ್ದ. “ನೆಗಡಿನಾ?” ಎಂದರೆ, “ಟವರಿನ ತುದೀಲಿ ಗಾಳಿ ಜಾಸ್ತಿ ಮೇಡಂ” ಎನ್ನುತ್ತಿದ್ದ.

ಹೊಸ ಪದ್ಧತಿಯಲ್ಲಿ ಎಲ್ಲ ಯಂತ್ರಗಳೂ ಒಂದೇ ಮುಖ್ಯ ಗಡಿಯಾರಕ್ಕೆ ಕಿವಿಗೊಟ್ಟು ನಡೆಯಬೇಕು. ತರಬೇತಿಯ ಮೇಷ್ಟ್ರು ಒಂದು ದಿನ ಹೇಳಿದರು: “ಮುಖ್ಯ ಗಡಿಯಾರ ನಿಂತುಹೋದ್ರೆ ಉಳಿದವು ತಕ್ಷಣ ಕೆಡಲ್ಲ. ಕೊನೇ ಸಲ ಕೇಳಿದ ಸಮಯವನ್ನ ನೆನಪಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸರಿಯಾಗೇ ನಡೀತವೆ.”

ಪಾಠದ ಹೊತ್ತಿನಲ್ಲಿ ಎಂದೂ ಬಾಯಿ ಬಿಡದ ಟವರು ಪ್ರಶ್ನೆ ಟೈಪ್ ಮಾಡಿದ: ಎಷ್ಟು ಹೊತ್ತು ಸಾರ್?

“ಅದು ಗಡಿಯಾರದ ಗುಣದ ಮೇಲೆ ಹೋಗುತ್ತಪ್ಪ.”

ಅವಳ ಅಪ್ಪ ದಿನಾ ಅವಳ ಹಿಂದೆ ಕುರ್ಚಿ ಹಾಕಿಕೊಂಡು ಕ್ಲಾಸು ನೋಡುತ್ತಿದ್ದ. ಮೂವತ್ತೆರಡು ವರ್ಷ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿದವನು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಪರದೆ ಯಾವುದಾದರೇನು, ನೋಡದಿದ್ದರೆ ಸಂಜೆ ಕಳೆಯುತ್ತಿರಲಿಲ್ಲ. ಹತ್ತೊಂಬತ್ತನೇ ಕ್ಲಾಸಿನ ದಿನ ಟೀ ಹೀರುತ್ತ ಅವನು ಅಂದ:

“ಲೇ ಮಗಳೇ, ನಿನ್ನ ಹುಡುಗನ ರೀಲು ಮತ್ತೆ ಮೊದಲಿಂದ ಶುರುವಾಯ್ತು ನೋಡು.”

“ನನ್ನ ಹುಡುಗ ಅಂತೆ! ಏನಪ್ಪಾ ನಿಂದು?”

“ಹುಡುಗ ಅಲ್ಲದಿದ್ರೆ ಬಿಡು, ರೀಲಂತೂ ಹೌದು. ಅವನ ಮೇಜಿನ ಟೀ ಕಪ್ಪಿನ ಹಿಡಿ ಎಡಕ್ಕಿತ್ತು, ಟಕ್ ಅಂತ ಬಲಕ್ಕೆ ಬಂತು. ಕೈ ಯಾರು ಹಚ್ಚಿದ್ರು? ಹೊರಗೆ ಕತ್ತಲಾಗ್ತಿದೆ, ಅವನ ಕಿಟಕೀಲಿ ಇನ್ನೂ ಬಿಸಿಲು.”

“ಅವರ ಊರಲ್ಲಿ ಸೂರ್ಯ ತಡವಾಗಿ ಮುಳುಗುತ್ತೆ.”

“ಹತ್ತೊಂಬತ್ತು ದಿನದಿಂದ ಮುಳುಗೇ ಇಲ್ಲ ಕಣೇ.”

ಮರುದಿನ ಅವಳು ಪರದೆಯನ್ನು ರೆಕಾರ್ಡ್ ಮಾಡಿ, ಒಂದೊಂದೇ ಫ್ರೇಮ್ ಮುಂದಕ್ಕೆ ತಳ್ಳುತ್ತ ನೋಡಿದಳು. ಹನ್ನೊಂದು ನಿಮಿಷಕ್ಕೊಮ್ಮೆ ಹೆಬ್ಬೆರಳು, ಹುಬ್ಬು, ನಗು. ನಡುವೆ ಜೋಡಿಸಿದ ಗುರುತು. ಕುರುಡನಿಗೂ ಕಾಣುವಂಥ ಜೋಡಣೆ ಹದ್ದಿನ ಕಣ್ಣಿಗೆ ಕಂಡಿರಲಿಲ್ಲ. ಇಷ್ಟು ದಿನ ಅವಳು ನಕ್ಕಿದ್ದು ಒಂದು ಫೈಲಿಗೆ.

ಆ ದಿನ ಲ್ಯಾಬು ಶುರುವಾದಾಗ ಅವಳು ಯಂತ್ರ ಮುಟ್ಟಲಿಲ್ಲ.

“ಸಾರ್, ನಿಮ್ಮ ಟೀ ಕಪ್ಪಿನ ಹಿಡಿ ಈಗ ಯಾವ ಕಡೆಗಿದೆ?”

ಆ ಕಡೆ ಕೀಬೋರ್ಡಿನ ಸದ್ದು ನಿಂತಿತು.

“ಎಡಕ್ಕಾ, ಬಲಕ್ಕಾ? ಹನ್ನೊಂದು ನಿಮಿಷಕ್ಕೊಂದು ಸಲ ಅದು ತಾನಾಗೇ ತಿರುಗುತ್ತಲ್ಲ, ಅದಕ್ಕೆ ಕೇಳಿದೆ. ಗೊಂಬೆ ಕೂರಿಸಿ ಎಲ್ಲಿ ಸುತ್ತೋಕೆ ಹೋಗ್ತೀರಿ? ಇಲ್ಲಿರೋರೆಲ್ಲ ಕೆಲಸ ಉಳಿಸ್ಕೊಳ್ಳೋಕೆ ಕಣ್ಣು ನೋಯಿಸ್ಕೊಂಡು ಕೂತಿದೀವಿ.”

“ಅಂತೂ ಸಿಕ್ಕಿಬಿದ್ದೆ” ಎಂದ ಅವನು. ದನಿಯಲ್ಲಿ ಹೊರೆ ಇಳಿಸಿದವನ ನೆಮ್ಮದಿಯಿತ್ತು. “ಹದ್ದಿಗೆ ಇಷ್ಟು ದಿನ ಬೇಕಾಯ್ತಾ ಮೇಡಂ?”

ಬೈಯಲು ಅವಳು ಬಾಯಿ ತೆರೆದಳು. ಆಗ ಅವನ ದನಿಯ ಹಿಂದೆ ಸಣ್ಣಗೆ ಪೀಂಪ್, ಪೀಂಪ್ ಎಂಬ ಸದ್ದು ಕೇಳಿಸಿತು. ಆ ಸದ್ದು ಅವಳಿಗೆ ಗೊತ್ತು. ಡ್ರಿಪ್ಪಿನ ಮದ್ದು ಮುಗಿಯುತ್ತ ಬಂದಾಗ ಯಂತ್ರ ನರ್ಸನ್ನು ಕರೆಯುವ ಸದ್ದು. ಅಮ್ಮನ ಕೊನೆಯ ವಾರಗಳಲ್ಲಿ ಅದನ್ನು ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿಹೋಗಿತ್ತು.

“ಕ್ಯಾಮೆರಾ ಆನ್ ಮಾಡಿ.”

“ಬೇಡ ಮೇಡಂ. ಚಿತ್ರ ಚೆನ್ನಾಗಿಲ್ಲ.”

“ಕೆಟ್ಟ ಚಿತ್ರ ನೋಡೋದೇ ನನ್ನ ಕೆಲಸ.”

ಚಿತ್ರ ಬಂತು. ಕಬ್ಬಿಣದ ಮಂಚದ ತಲೆಗಟ್ಟು, ಕೊಳವೆ, ಬೋಳಾದ ತಲೆ. ಪಾಠದ ಚೌಕದಲ್ಲಿದ್ದವನಿಗಿಂತ ಹತ್ತು ವರ್ಷ ದೊಡ್ಡವನಂತೆ ಕಾಣುವ ಮುಖ. ಅವಳ ಕಣ್ಣು ಅಭ್ಯಾಸಬಲದಿಂದ ಎಡಹುಬ್ಬನ್ನು ಹುಡುಕಿತು. ಅಲ್ಲಿ ನುಣ್ಣನೆ ಚರ್ಮವಿತ್ತು.

“ಕೆರ್ಕೊಳ್ಳೋಕೆ ಹುಬ್ಬೇ ಇಲ್ಲ ನೋಡಿ” ಎಂದು ಅವನು ನಕ್ಕ. ಅದೇ ನಗು, ತುಟಿಯ ಒಂದೇ ಕೊನೆಯಲ್ಲಿ.

ರಕ್ತದ ಕ್ಯಾನ್ಸರ್. ಮೊದಲನೇ ಕ್ಲಾಸಿನ ಮರುದಿನವೇ ಅವನು ಬೇರೆ ನೆಪ ಹೇಳಿ ಹಗಲಿನ ಕೆಲಸಕ್ಕೆ ರಜೆ ಹಾಕಿ ಆಸ್ಪತ್ರೆ ಸೇರಿದ್ದ. ಕಾಯಿಲೆಯವನೆಂದು ಗೊತ್ತಾದರೆ ಹೊಸ ಕೇಂದ್ರದ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಕೆಲಸದ ಜೊತೆಗೆ ಕಂಪನಿಯ ವಿಮೆ ಹೋಗುತ್ತದೆ, ವಿಮೆಯ ಜೊತೆಗೆ ಈ ಹಾಸಿಗೆ. ಅದಕ್ಕೇ ಮೊದಲ ದಿನದ ರೆಕಾರ್ಡಿಂಗಿನಿಂದ ಹನ್ನೊಂದು ನಿಮಿಷ ಕತ್ತರಿಸಿ, ಕ್ಯಾಮೆರಾದ ಬದಲು ಅದನ್ನೇ ಮತ್ತೆ ಮತ್ತೆ ಓಡಿಸುತ್ತಿದ್ದ. ಹಾಸಿಗೆಯಲ್ಲೇ ಇಯರ್‌ಫೋನ್ ಹಾಕಿಕೊಂಡು ಒಂದು ಪಾಠವನ್ನೂ ತಪ್ಪಿಸಿರಲಿಲ್ಲ.

“ಮೇಷ್ಟ್ರಿಗೆ ಹೇಳ್ಬಿಡಿ ಮೇಡಂ” ಎಂದ. “ನನಗೋಸ್ಕರ ಸುಳ್ಳು ಸಹಿ ಹಾಕಿ ನೀವು ಬೀದಿಗೆ ಬರೋದು ಬೇಡ. ನಿಮ್ಮಪ್ಪ ನಿಮ್ಮನ್ನೇ ನಂಬ್ಕೊಂಡಿದಾರೆ.”

ಅವಳು ಕಂಪ್ಯೂಟರು ಮುಚ್ಚಿದಳು.

ಅಪ್ಪ ಹಿಂದಿನ ಕುರ್ಚಿಯಲ್ಲೇ ಇದ್ದ, ಎಲ್ಲವನ್ನೂ ಕೇಳಿದ್ದ. “ಸಹಿ ಹಾಕಿದ್ರೆ ನಿನ್ನ ಕುತ್ತಿಗೆಗೆ ಬರುತ್ತೆ” ಎಂದ. ಕೂಡಲೇ, “ಹಾಕದಿದ್ರೆ ಅವನ ಕುತ್ತಿಗೆಗೆ” ಎಂದ. ಆಮೇಲೆ ಟೀ ಕಪ್ಪು ತೊಳೆಯಲು ಎದ್ದು ಹೋಗುತ್ತ, “ಆ ಜೋಡಣೆ ಬಹಳ ಕೆಟ್ಟದಾಗಿದೆ. ನನ್ನ ಒಂದು ಕಣ್ಣಿಗೇ ಕಂಡಿದ್ದು ಮೇಷ್ಟ್ರಿಗೆ ಕಾಣಲ್ವಾ?” ಎಂದು ಗೊಣಗಿದ.

ಅವಳು ಅವನಿಗೆ ಒಂದೇ ಸಾಲಿನ ಸಂದೇಶ ಕಳಿಸಿದಳು: ಆ ಫೈಲ್ ಕಳಿಸಿ.

ಶನಿವಾರ, ಭಾನುವಾರ ಅವಳು ಮೇಜು ಬಿಟ್ಟು ಏಳಲಿಲ್ಲ. ಕಪ್ಪನ್ನು ಒಂದೇ ಕಡೆಗೆ ನಿಲ್ಲಿಸಿದಳು. ಹುಬ್ಬು ಕೆರೆಯುವುದನ್ನು ಗಂಟೆಗೆ ಎರಡೇ ಸಲಕ್ಕೆ ಇಳಿಸಿದಳು. ಹನ್ನೊಂದು ನಿಮಿಷದ ತುಂಡುಗಳನ್ನು ಹಿಂದುಮುಂದಾಗಿ ಹೊಲಿದು ಒಂದು ಗಂಟೆಯ ಚಿತ್ರ ಮಾಡಿದಳು. ಕೊನೆಗೆ ಆ ಕಿಟಕಿಯ ಬೆಳಕನ್ನು ಹಿಡಿದು, ನಿಮಿಷಕ್ಕಿಷ್ಟು ಎಂದು ಮೆಲ್ಲಗೆ ತಗ್ಗಿಸುತ್ತ ಬಂದಳು. ಬಿಳಿ ಹಳದಿಯಾಯಿತು, ಹಳದಿ ಕಂದಾಯಿತು, ಆರು ಗಂಟೆಯ ಹೊತ್ತಿಗೆ ಗಾಜು ನೀಲಿಯಾಯಿತು. ಹದಿನಾರು ವರ್ಷ ತಪ್ಪು ಹಿಡಿದವಳು ಮೊದಲ ಸಲ ತಪ್ಪೊಂದನ್ನು ಮುಚ್ಚಿದ್ದಳು. ಅಪ್ಪ ಎರಡು ಸಲ ಕೂತು ನೋಡಿ, “ಸಿಗಲ್ಲ” ಎಂದ.

ಸೋಮವಾರ ಲ್ಯಾಬಿನಲ್ಲಿ ಅವನ ದನಿ ತಡವಾಗಿ ಬಂತು.

“ಮೇಡಂ, ನಮ್ಮನೆ ಕಿಟಕೀಲಿ ಇವತ್ತು ಸಂಜೆ ಆಯ್ತು.”

“ಆಗ್ಲೇಬೇಕಲ್ಲ.”

“ನಾಲ್ಕು ವಾರದಿಂದ ಆಗಿರ್ಲಿಲ್ಲ” ಎಂದು ಅವನು ಮೈಕು ಆರಿಸಿದ.

ಪರೀಕ್ಷೆಯ ದಿನ ಫೈಲು ನಡೆಯುವಂತಿರಲಿಲ್ಲ. ಮೇಷ್ಟ್ರು ಒಬ್ಬೊಬ್ಬರನ್ನೇ ಮಾತಾಡಿಸುತ್ತಿದ್ದರು. ಅವನು ದಿಂಬುಗಳ ಮೇಲೆ ನೆಟ್ಟಗೆ ಕೂತು, ಹುಬ್ಬಿನ ಜಾಗ ಮುಚ್ಚುವಂತೆ ದಪ್ಪ ಫ್ರೇಮಿನ ಕನ್ನಡಕ ಹಾಕಿದ್ದ. ಬೆನ್ನಿಗೆ ಅವನ ಅಕ್ಕ ಬಿಳಿ ದುಪ್ಪಟಿ ಹಿಡಿದು ನಿಂತಿದ್ದಳಂತೆ, ಗೋಡೆಯಂತೆ ಕಾಣಲೆಂದು.

“ಏನಪ್ಪಾ, ತಲೆ ಬೋಳಿಸಿಬಿಟ್ಟಿದೀಯಲ್ಲ?”

“ಬಾಚೋ ಕಷ್ಟ ತಪ್ಪಿತು ಸಾರ್.”

ತೊಂಬತ್ತು ನಿಮಿಷ ಅವನು ಬಾಗದೆ ಕೂತ. ಅವಳು ತನ್ನ ಉತ್ತರ ಬರೆಯುತ್ತ ಆಗಾಗ ಅವನ ಚೌಕ ನೋಡಿದಳು. ಕೊನೆಯಲ್ಲಿ ಪರದೆಯ ಮೇಲೆ ಹಾಜರಿಯ ಹಾಳೆ ತೆರೆದುಕೊಂಡಿತು. ಅಲ್ಲಿ ಒಂದೇ ಸಾಲು: ನನ್ನ ಜೊತೆಗಾರರು ಎಲ್ಲ ಕ್ಲಾಸಿಗೂ ಹಾಜರಿದ್ದರು. ಅವಳಿಗೆ ಅದರಲ್ಲಿ ಸುಳ್ಳು ಕಾಣಲಿಲ್ಲ. ಸಹಿ ಹಾಕಿದಳು.

ಫಲಿತಾಂಶ ಬಂದ ದಿನವೇ ಅವಳು ರಜೆ ಹಾಕಿ, ಬಸ್ಸಿನಲ್ಲಿ ಏಳು ತಾಸು ಕೂತು ಆ ಊರಿಗೆ ಹೋದಳು. ಇಬ್ಬರೂ ಪಾಸು. ಒಂದನೇ ತಾರೀಕು ಹೊಸ ಕೇಂದ್ರಕ್ಕೆ ಹಾಜರಾಗಬೇಕೆಂಬ ಆದೇಶದಲ್ಲಿ ಇಬ್ಬರ ಹೆಸರೂ ಒಂದರ ಕೆಳಗೊಂದಿತ್ತು.

ವಾರ್ಡಿನ ಬಾಗಿಲಲ್ಲಿ ಅಕ್ಕ ಸಿಕ್ಕಳು. “ನೀವೇ ಏನಮ್ಮ ಹದ್ದು? ಅವನ ಬಾಯಲ್ಲಿ ಬೇರೆ ಮಾತೇ ಇಲ್ಲ” ಎಂದು ಕೈ ಹಿಡಿದುಕೊಂಡಳು. ಬಿಡುವ ಮೊದಲು ದನಿ ತಗ್ಗಿಸಿದಳು. “ಮದ್ದು ನಿಲ್ಲಿಸಿದಾರೆ. ಎರಡು ವಾರ, ಮೂರು ವಾರ ಅಂತಾರೆ. ಅವನಿಗೂ ಗೊತ್ತು.”

ಅವನು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ಆರಡಿ ಮೂರಂಗುಲದ ಆಳು ಮುದುಡಿ ಹಾಸಿಗೆಯ ಮುಕ್ಕಾಲು ಭಾಗದಲ್ಲೇ ಹಿಡಿಸುತ್ತಿದ್ದ.

“ಬಂದ್ರಾ? ಚಿತ್ರ, ದನಿ ಎರಡೂ ಒಟ್ಟಿಗೆ ಸಿಕ್ತು ನೋಡಿ.”

“ದನಿ ಸ್ವಲ್ಪ ಹಿಂದಿದೆ” ಎಂದಳು.

ಇಬ್ಬರೂ ನಕ್ಕರು. ಅವಳು ಸ್ಟೂಲು ಎಳೆದುಕೊಂಡು ಕೂತಳು.

“ಒಂದು ಕೇಳ್ಲಾ? ಆ ನಗು ಯಾರನ್ನ ನೋಡಿ?”

“ಮೊದಲನೇ ದಿನ ನೀವು ಪರಿಚಯ ಹೇಳ್ತಿದ್ರಿ. ಒಂದು ಫ್ರೇಮ್ ಕೆಟ್ಟಿದ್ರೂ ಬಿಡಲ್ಲ ಅಂದ್ರಿ. ಎಷ್ಟು ಜಂಬ ಈ ಹೆಂಗಸಿಗೆ ಅಂತ ನಗು ಬಂತು. ಮರುದಿನ ಆ ಹನ್ನೊಂದು ನಿಮಿಷವನ್ನೇ ಕತ್ತರಿಸ್ಕೊಂಡೆ. ಬೇರೆ ಕಡೆಯೆಲ್ಲ ನನ್ನ ಮುಖ ಸತ್ತಂತಿತ್ತು.” ಅವನು ಉಸಿರು ತೆಗೆದುಕೊಂಡ. “ದಿನಾ ಕಾಯ್ತಿದ್ದೆ, ಇವತ್ತು ಹಿಡೀತಾರೆ, ನಾಳೆ ಹಿಡೀತಾರೆ ಅಂತ. ಒಳ್ಳೇ ಇಂಜಿನಿಯರಾದ್ರೆ ಎರಡೇ ದಿನದಲ್ಲಿ ಹಿಡೀಬೇಕಿತ್ತು.”

“ಇಂಜಿನಿಯರಾಗಿ ನೋಡ್ತಿರ್ಲಿಲ್ಲ” ಎಂದಳು ಅವಳು.

ಅವನು ಅವಳನ್ನೇ ನೋಡಿದ. ಆಮೇಲೆ ಕೈ ಚಾಚಿದ. ಅವಳು ಹಿಡಿದಳು, ಬಿಸಿಯಾಗಿತ್ತು, ಕಾಗದದಷ್ಟು ಹಗುರವಾಗಿತ್ತು.

“ಮುಖ್ಯ ಗಡಿಯಾರ ನಿಂತ ಮೇಲೆ ಎಷ್ಟು ಹೊತ್ತು ಅಂತ ಕೇಳಿದ್ದೆನಲ್ಲ...”

“ಗಡಿಯಾರದ ಗುಣದ ಮೇಲೆ ಹೋಗುತ್ತೆ ಅಂದ್ರಲ್ಲ ಮೇಷ್ಟ್ರು.”

“ನಿಮ್ಮದು?”

“ನನ್ನದು ಒಳ್ಳೇ ಗಡಿಯಾರ. ಈಗ ಸುಮ್ಮನಿರಿ.”

ಕಿಟಕಿಯಾಚೆ ಬೆಳಕು ತಗ್ಗುತ್ತಿತ್ತು. ಅವಳು ಎರಡು ದಿನ ಕೂತು ಲೆಕ್ಕ ಹಾಕಿ ತಗ್ಗಿಸಿದ್ದಕ್ಕಿಂತ ವೇಗವಾಗಿ ತಗ್ಗುತ್ತಿತ್ತು. ಬಿಳಿ ಹಳದಿಯಾಯಿತು, ಹಳದಿ ಕಂದಾಯಿತು. ಅವನು ಇನ್ನೊಂದು ಕೈಯನ್ನು ಕಷ್ಟಪಟ್ಟು ಎತ್ತಿ, ಇಲ್ಲದ ಹುಬ್ಬನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆರೆದುಕೊಂಡ. ಕಣ್ಣನ್ನು ಅವಳತ್ತ ಹೊರಳಿಸಿ ನಕ್ಕ. ಕಣ್ಣು ಮುಚ್ಚಿದ.

ಅವಳು ಗೋಡೆಯ ಗಡಿಯಾರ ನೋಡಿದಳು. ಕೈ ಬಿಡಲಿಲ್ಲ. ಅವನ ಉಸಿರು ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕೂತಳು. ಹನ್ನೊಂದು ನಿಮಿಷ ಕಳೆಯಿತು. ಉಸಿರು ನಡೆಯುತ್ತಲೇ ಇತ್ತು, ಕೈ ಮಾತ್ರ ಮತ್ತೆ ಮೇಲೇಳಲಿಲ್ಲ. ಗಾಜು ನೀಲಿಯಾಯಿತು.