ನಮ್ಮ... ತಂಡದವರು

"ಕೇಳಿಸ್ತಿಲ್ಲ!"

ಪರದೆಯ ಬಳಿ ನಿಂತು ಓದುತ್ತಿದ್ದ ಅವಳಿಗೆ ಕೊನೆಯ ಬೆಂಚಿನಿಂದ ಅವನು ಕೈಯೆತ್ತಿ ಮತ್ತೆ ಕೂಗಿದ. ಅಲ್ಲೇ ಅಭ್ಯಾಸ ಮಾಡುತ್ತಿದ್ದ ಬೇರೆ ಗುಂಪಿನವರು ಕಿಸಕ್ಕೆಂದರು.

ಕ್ಲಾಸಿಗೆಲ್ಲ ಅವನು ಮೈಕಾಸುರ, ಅವಳು ಮೌನಗೌರಿ. ಇಬ್ಬರನ್ನೂ ಒಂದೇ ಗುಂಪಿಗೆ ಹಾಕಿದ ಮೇಡಂಗೆ ಏನನ್ನಬೇಕು! ನಾಳೆಯೇ ಪ್ರೆಸೆಂಟೇಶನ್. ವಿಷಯ, ಊರಿನ ಕಸ ವಿಲೇವಾರಿ.

"ಪರದೆ ನೋಡ್ಕೊಂಡು ಓದ್ಬೇಡ. ಹೇಳ್ಬೇಕಾಗಿರೋದು ಗೋಡೆಗಲ್ಲ, ನಮಗೆ."

"ಎಲ್ಲರೆದುರು ನನ್ನ ಮಾನ ಕಳೀಬೇಕು ಅಂತಾನೇ ಇದೀಯಾ? ನನ್ನ ಭಾಗಾನೂ ನೀನೇ ಹೇಳ್ಕೋ!"

ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ಅಳು ಒತ್ತಿಕೊಂಡು ಬರುತ್ತಿತ್ತು... ಅವನೆದುರಂತೂ ಬೇಡ! ಅವನ ಮಾತನ್ನು ಕದ್ದುಕದ್ದು ಕೇಳಿ ಖುಷಿಪಡುತ್ತಿದ್ದವಳು ಅವಳೇ. ಅದಕ್ಕೇ ನೋವು ಹೆಚ್ಚು.

ಗುಂಪಿನ ಮೂರನೆಯವಳು, ಸ್ಲೈಡ್ ಮಾಡಿದ ಗೆಳತಿ, ಮೆಟ್ಟಿಲ ಬಳಿ ಅವಳ ಕೈ ಹಿಡಿದು ನಿಲ್ಲಿಸಿದಳು.

"ಏ ಹುಚ್ಚಿ, ಮೇಡಂ ಏನಂದಿದ್ರು ಗೊತ್ತಾ? ನೀನು ಬರೀ ಸ್ಲೈಡ್ ಬದಲಾಯಿಸಿದ್ರೆ ಸಾಕು, ಮಾತು ಬೇಡ ಅಂತ. ಇವನೇ ಹಟ ಹಿಡಿದ. ಅವಳು ಮಾತಾಡದಿದ್ರೆ ನಾನೂ ಮಾತಾಡಲ್ಲ ಅಂದ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇನ್ನೂ ಹೆದರ್ತೀಯ ಅಂತ."

ಮರುದಿನ ಅವಳು ಪರದೆಗೆ ಬೆನ್ನು ಹಾಕಿ ನಿಂತಳು. ತನ್ನ ಸರದಿ ಬರುವವರೆಗೆ ಅವನು ಕೊನೆಯ ಬೆಂಚಿನಲ್ಲೇ ಕೂತಿದ್ದ. ಬೇರೆ ಯಾರನ್ನೂ ನೋಡದೆ ಅವನೊಬ್ಬನಿಗೇ ಹೇಳತೊಡಗಿದಳು... ಹಸಿ ಕಸ, ಒಣ ಕಸ, ಎಲ್ಲವನ್ನೂ. ಅವನ ಕೈ ಒಮ್ಮೆಯೂ ಮೇಲೇಳಲಿಲ್ಲ.

ಕೊನೆಗೆ "ಮುಂದಿನದನ್ನ ನಮ್ಮ ತಂಡದವರು ಹೇಳ್ತಾರೆ" ಎಂದು ಅವನಿಗೆ ಮಾತು ದಾಟಿಸಬೇಕಿತ್ತು. ಗೆದ್ದ ಖುಷಿಯಲ್ಲಿ ಒಂದು ಪದ ಜಾರಿತು.

"ಮುಂದಿನದನ್ನ... ನಮ್ಮವರು ಹೇಳ್ತಾರೆ."

ಕ್ಲಾಸು ಗೊಳ್ಳೆಂದಿತು! ಗಂಡನನ್ನು ಕರೆದ ಹಾಗೆ ಕರೆದಿದ್ದಳಲ್ಲ! ಮೇಡಂ ಕೂಡ ನಗು ತಡೆಯಲು ಕೆಮ್ಮಿದರು.

ಅವನು ಎದ್ದು ಬಂದ. ಕಿವಿಯೆಲ್ಲ ಕೆಂಪು. ಬಾಯಿ ತೆರೆದರೆ ದನಿಯೇ ಇಲ್ಲ!

"ಕೇಳಿಸ್ತಿಲ್ಲ!" ಎಂದಳು ಅವಳು.

ಅವನು ನಕ್ಕುಬಿಟ್ಟ. ಆಮೇಲೆ ಮಾತು ಸರಾಗವಾಗಿ ಹರಿಯಿತು.

ಹೊರಗೆ, ಕಾರಿಡಾರಿನಲ್ಲಿ, ಅವಳ ಪಕ್ಕಕ್ಕೆ ಬಂದ.

"ನೀನಂದ್ರೆ ನಂಗಿಷ್ಟ ಕಣೇ. ತುಂಬಾ ದಿನದಿಂದ. ಆ ಮಾತು... ಬಾಯಿತಪ್ಪಿ ಬಂದಿದ್ದಾ?"

ಅವಳು ನೆಲ ನೋಡುತ್ತ ಏನೋ ಅಂದಳು.

"ಕೇಳಿಸ್ತಿಲ್ಲ."

ಸುತ್ತ ಅರ್ಧ ಕ್ಲಾಸೇ ನಿಂತಿತ್ತು. ನಿಂತಿರಲಿ! ಅವಳು ತಲೆಯೆತ್ತಿದಳು.

"ಬಾಯಿ ತಪ್ಪಿದ್ದು ನಿಜ, ಮನಸ್ಸೇನೂ ತಪ್ಪಿಲ್ಲ ಅಂದೆ! ಈಗ ಕೇಳಿಸ್ತಾ?"

"ಕೇಳಿಸ್ತು," ಎಂದ ಮೈಕಾಸುರ, ಬಲು ಮೆಲ್ಲಗೆ.